ಮೈಕ್ ನೀಲಿಯಾಗುವವರೆಗೆ

ಕೊರೊನಾಕ್ಕೆ ಶಾಲೆ ಮುಚ್ಚಿದ್ದ 2020ರ ಜುಲೈಯ ಒಂದು ರಾತ್ರಿ ಹತ್ತನೆಯ ತರಗತಿಯ ಹುಡುಗನೊಬ್ಬನಿಂದ ವಾಟ್ಸಾಪ್ ಸಂದೇಶ ಬಂತು. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ನಾಳೆ ಆನ್‌ಲೈನ್ ಕ್ಲಾಸಿಗೆ ಬರುವುದಿಲ್ಲ, ಅಪ್ಪನ ಜೊತೆ ಕಳ್ಳು ತರಲಿಕ್ಕುಂಟು ಎಂದು ನಾನು ಓದಿಕೊಂಡೆ. ಸುಳ್ಯದ ಕಡೆಯವರಿಗೆ ಕಳ್ಳು ಹೊಸತಲ್ಲ, ಆದರೆ ಕ್ಲಾಸು ತಪ್ಪಿಸಿ ತರುವಷ್ಟು ಅವಸರದ ವಸ್ತುವೂ ಅಲ್ಲ. ಸಿಟ್ಟು ಬಂದು ಫೋನ್ ಮಾಡಿದೆ. ಅವನು ತರಲು ಹೊರಟದ್ದು ಕಲ್ಲು. ಮಳೆಗೆ ಕುಸಿದ ಬಾವಿಕಟ್ಟೆಗೆ ಮುರಕಲ್ಲು. ಕೆ, ಎ, ಎರಡು ಎಲ್, ಯು ಎಂದು ಒತ್ತಿದರೆ ಕಲ್ಲೂ ಆಗುತ್ತದೆ, ಕಳ್ಳೂ ಆಗುತ್ತದೆ. ಅವನು ಫೋನಿನ ಆಚೆ ನಕ್ಕ. ಐದು ತಿಂಗಳ ಹಿಂದೆ ಎದುರು ಬೆಂಚಿನಲ್ಲಿ ಕೂತಿದ್ದಾಗ ಅವನು ನಕ್ಕದ್ದು ನನಗೆ ನೆನಪಿಲ್ಲ.

ಆ ಗೊಂದಲದಿಂದಾಗಿಯೇ ನಾನು ಮಕ್ಕಳಿಗೆ ಟೈಪ್ ಮಾಡಬೇಡಿ, ಮಾತಾಡಿ ಕಳಿಸಿ ಎಂದದ್ದು. ಶಿಕ್ಷಣಶಾಸ್ತ್ರ ಯಾವುದೂ ಅದರ ಹಿಂದೆ ಇರಲಿಲ್ಲ. ನಮ್ಮ ಊರಿನ ನೆಟ್‌ವರ್ಕಿಗೂ ಅದೇ ಅನುಕೂಲ. ನಾನು ಶ್ರಮಪಟ್ಟು ಮಾಡಿ ಕಳಿಸಿದ ಹತ್ತು ನಿಮಿಷದ ವೀಡಿಯೊ ಇಳಿಸಿಕೊಳ್ಳಲು ಮಕ್ಕಳು ಗುಡ್ಡೆ ಹತ್ತಬೇಕಿತ್ತು. ಒಂದು ನಿಮಿಷದ ಧ್ವನಿ ಒಂದು ಎಂಬಿಯೂ ಆಗುವುದಿಲ್ಲ, ಅಂಗಳದ ಮೂಲೆಯಲ್ಲಿ ಫೋನ್ ಎತ್ತಿ ಹಿಡಿದರೆ ಹೇಗೋ ದಾಟಿಕೊಳ್ಳುತ್ತದೆ. ಮರುವರ್ಷ ಜೂನ್‌ನಲ್ಲಿ ನಮ್ಮ ತಾಲೂಕಿನದ್ದೇ ಒಂದು ಫೋಟೊ ದೇಶವೆಲ್ಲ ಓಡಾಡಿತಲ್ಲ, ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತದ್ದು? ಅದನ್ನು ನೋಡಿ ಹೊರಗಿನವರು ಅಯ್ಯೋ ಅಂದರು. ನಮಗೆ ಅದು ದಿನಾ ಕಾಣುವ ನೋಟ.

2020ರ ಆ ಜುಲೈಯಲ್ಲೇ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾಗಿದ್ದವು. ನಿಜ ಹೇಳುತ್ತೇನೆ, ಅಲ್ಲಿ ವಿಜ್ಞಾನ ಹೇಳಿದವರು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಚಿತ್ರ ಚೊಕ್ಕ, ಮಾತು ಚೊಕ್ಕ. ಒಂದು ಮನೆಯ ಅಜ್ಜಿ ಮೊಮ್ಮಗಳ ಜೊತೆ ಕೂತು ಎಲ್ಲ ಪಾಠ ನೋಡಿ, “ಆ ಟೀಚರಿಗೆ ಒಮ್ಮೆಯೂ ಕೆಮ್ಮು ಬರುವುದಿಲ್ಲವಾ?” ಎಂದು ಕೇಳಿದ್ದರು. ನಗು ಬಂದರೂ ಅಜ್ಜಿ ಹೇಳಿದ್ದು ಸರಿಯೇ. ಟಿವಿಯ ಟೀಚರು ಕೆಮ್ಮುವುದೂ ಇಲ್ಲ, ಕರೆಂಟು ಹೋದರೆ ಕಾಯುವುದೂ ಇಲ್ಲ. ನಮ್ಮಲ್ಲಿ ಜುಲೈಯ ಗಾಳಿಗೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ.

ನಾನೂ ಆ ಟಿವಿಯ ಹಾಗೆಯೇ ಇದ್ದೆ. ಪಿಡಿಎಫ್, ವೀಡಿಯೊ, ಪ್ರಶ್ನೆಪಟ್ಟಿ, ಮೇಲಿನವರು ಕಳಿಸಿದ್ದು, ನಾನು ಮಾಡಿದ್ದು, ಎಲ್ಲವನ್ನೂ ಗ್ರೂಪಿಗೆ ಸುರಿಯುವುದು. ಎಷ್ಟು ಕಳಿಸಿದೆ ಎಂಬ ಲೆಕ್ಕವನ್ನು ವಾರಕ್ಕೊಮ್ಮೆ ವರದಿಯಲ್ಲಿ ಬರೆಯುವುದು. ಉತ್ತರವಾಗಿ ಬರುತ್ತಿದ್ದದ್ದು ನೋಟ್ಸಿನ ಫೋಟೊಗಳು. ಒಮ್ಮೆ ಹದಿನಾಲ್ಕು ಮಕ್ಕಳ ಉತ್ತರದಲ್ಲಿ ‘ಕಬ್ಬಿಣದ ಮೊಳೆ’ಯ ಬದಲು ‘ಕಬ್ಬಿನ ಮೊಳೆ’ ಎಂದಿತ್ತು. ಒಬ್ಬಳು ಅವಸರದಲ್ಲಿ ಬರೆದದ್ದು ಹದಿಮೂರು ಮನೆಗಳಿಗೆ ಫಾರ್ವರ್ಡ್ ಆಗಿ, ಹದಿಮೂರು ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ನಕಲಾಗಿತ್ತು. ಕಬ್ಬಿಗೆಲ್ಲಿಂದ ಮೊಳೆ ಎಂದು ಒಬ್ಬರಿಗೂ ಅನಿಸಲಿಲ್ಲ. ಅವರು ಓದಿರಲಿಲ್ಲ, ದಾಟಿಸಿದ್ದರು. ನಾನೂ ವರದಿಯಲ್ಲಿ ಮಾಡುತ್ತಿದ್ದದ್ದು ಅದನ್ನೇ.

ಮೊಳೆಯ ಪಾಠ ಹತ್ತನೆಯ ತರಗತಿಯ ಮೊದಲ ರಸಾಯನಶಾಸ್ತ್ರ ಅಧ್ಯಾಯದಲ್ಲಿದೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಪ್ಪತ್ತು ನಿಮಿಷ ಮುಳುಗಿಸಿಟ್ಟರೆ ಮೊಳೆಯ ಮೇಲೆ ಕಂದುಗೆಂಪು ಬಣ್ಣ ಕೂರುತ್ತದೆ, ದ್ರಾವಣದ ನೀಲಿ ಮಂಕಾಗುತ್ತದೆ. ಸ್ಥಾನಪಲ್ಲಟ ಕ್ರಿಯೆ. ಯಾಕೆ ಹಾಗಾಗುತ್ತದೆ ಎಂದು ಮಾತಾಡಿ ಕಳಿಸಿ ಅಂದಿದ್ದೆ.

ಕಲ್ಲಿನ ಹುಡುಗನ ಉತ್ತರ ಬಂದದ್ದು ರಾತ್ರಿ ಒಂಬತ್ತೂವರೆಗೆ, ಅವನ ಅಪ್ಪ ಕೆಲಸ ಮುಗಿಸಿ ಫೋನ್ ಮನೆಗೆ ತಂದ ಮೇಲೆ. ಶೀಟಿನ ಮಾಡಿಗೆ ಮಳೆ ಬೀಳುವ ಸದ್ದು, ಹಿಂದೆ ಕುಕ್ಕರಿನ ಸೀಟಿ, ತುಳುವಿನಲ್ಲಿ ಯಾರೋ “ಏರ್ ಮಗಾ?” ಎನ್ನುವುದು. ಆಮೇಲೆ ಅವನ ಧ್ವನಿ: “ಸಾರ್, ಇದು ನಾವು ಅಡಿಕೆಗೆ ಮದ್ದು ಮಾಡುವಾಗ ನೋಡ್ತೇವಲ್ಲ. ಮೈಲುತುತ್ತಿನ ನೀರೂ ಸುಣ್ಣದ ನೀರೂ ಸೇರಿಸಿ ಆದ್ಮೇಲೆ ಕತ್ತಿಯ ತುದಿ ಅದ್ದಿ ನೋಡುವುದು. ಕೆಂಪು ಹಿಡಿದ್ರೆ ಸುಣ್ಣ ಸಾಕಾಗ್ಲಿಲ್ಲ ಅಂತ. ಮತ್ತೆ ಸುಣ್ಣ ಹಾಕ್ಬೇಕು, ಇಲ್ಲದಿದ್ರೆ ಸಿಂಗಾರ ಸುಟ್ಟು ಹೋಗ್ತದೆ. ಕತ್ತಿಗೆ ಕೂತದ್ದು ತಾಮ್ರ ಅಲ್ವಾ ಸಾರ್?”

ನಾನು ಎರಡು ಸಲ ಕೇಳಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ನನಗೂ ಗೊತ್ತು, ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಅಡಿಕೆ ಬೆಳೆಗಾರರಿಗೆ ಈ ಮದ್ದಿನ ರೂಢಿ ಹಿಡಿಸಿ ನೂರು ವರ್ಷದ ಮೇಲಾಯಿತು. ಮೈಲುತುತ್ತೇ ತಾಮ್ರದ ಸಲ್ಫೇಟ್ ಎಂಬುದೂ ಗೊತ್ತು. ಆದರೂ ಹನ್ನೊಂದು ವರ್ಷ ಈ ಪಾಠ ಮಾಡುವಾಗ ಮೊಳೆಯ ಜಾಗದಲ್ಲಿ ಕತ್ತಿ ನನಗೆ ಕಂಡಿರಲೇ ಇಲ್ಲ. ಕಿರುಪರೀಕ್ಷೆಯಲ್ಲಿ ಇದೇ ಹುಡುಗನಿಗೆ ನಾನು ಇಪ್ಪತ್ತೈದಕ್ಕೆ ಆರು ಕೊಟ್ಟಿದ್ದೆ. ಅವನ ಅಕ್ಷರ ಓದಲಾಗುತ್ತಿರಲಿಲ್ಲ, ವಾಕ್ಯ ಮುಗಿಯುತ್ತಿರಲಿಲ್ಲ. ನಾನು ಅಳೆದದ್ದು ಅವನ ಕೈಯನ್ನು.

ಆ ಮಳೆಗಾಲ ಅಂಥವು ಇನ್ನೂ ಬಂದವು. ಬಾಯಿಯೇ ಬಿಡದ ಹುಡುಗಿಯೊಬ್ಬಳು ಹಟ್ಟಿಯ ಗೋಬರ್ ಗ್ಯಾಸಿನ ಬಗ್ಗೆ ನಾಲ್ಕು ನಿಮಿಷ ಮಾತಾಡಿದಳು, ಮಧ್ಯೆ ದನ ಕೂಗಿದಾಗ “ನಿಲ್ಲು ಮಾರಾಯ್ತಿ” ಎಂದು ಅದಕ್ಕೂ ಗದರಿಸಿ. ತರಗತಿಯಲ್ಲಿ ಮೊದಲ ಬೆಂಚಿನವರದ್ದೇ ಮಾತು. ಫೋನಿನಲ್ಲಿ ಬೆಂಚೇ ಇಲ್ಲ. ಮತ್ತೊಬ್ಬರು ನಗುತ್ತಾರೆ ಎಂಬ ಹೆದರಿಕೆ ಇಲ್ಲ, ತಪ್ಪಿದರೆ ಅಳಿಸಿ ಇನ್ನೊಮ್ಮೆ ಹೇಳಬಹುದು. ಇಷ್ಟು ದಿನ ಫೋನೆಂದರೆ ನಾನು ಕೊಡುವುದನ್ನು ಮಕ್ಕಳಿಗೆ ಮುಟ್ಟಿಸುವ ಕೊಳವೆ ಎಂದುಕೊಂಡಿದ್ದೆ. ಬೆಲೆ ಇದ್ದದ್ದು ಅದು ಆ ಕಡೆಯಿಂದ ತರುತ್ತಿದ್ದುದಕ್ಕೆ. ಫೋನ್ ಇಲ್ಲದ ಒಂಬತ್ತು ಮಕ್ಕಳದ್ದು ಮಾತ್ರ ಏನೂ ಬರಲಿಲ್ಲ. ಅವರನ್ನು ನಾನು, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮದಲ್ಲಿ, ದೇವಸ್ಥಾನದ ಜಗುಲಿಯ ಮೇಲೆ ಕೆಲವು ವಾರ ಕಂಡೆ. ಅಕ್ಟೋಬರ್‌ನಲ್ಲಿ ಅದೂ ನಿಂತಿತು.

2021ರ ಜನವರಿ 1ಕ್ಕೆ ಶಾಲೆ ತೆರೆಯಿತು. ನಾನು ಹಳೆಯ ನಾನಾದೆ. ಸಿಲೆಬಸ್ಸು ಮುಗಿಯಬೇಕು, ಧ್ವನಿ ಕೇಳಲು ಪುರುಸೊತ್ತೆಲ್ಲಿ? ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ಬಿದ್ದಾಗಲೂ ನಾನು ಬಹುಆಯ್ಕೆ ಪ್ರಶ್ನೆಗಳನ್ನೇ ಸುರಿದೆ. ಆ ವರ್ಷದ ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22, ಎರಡೇ ದಿನ, ಎಲ್ಲವೂ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದು. ಕತ್ತಿಯ ಮೇಲಿನ ತಾಮ್ರಕ್ಕೆ ಅಲ್ಲಿ ಜಾಗವಿರಲಿಲ್ಲ. ಹುಡುಗ ಪಾಸಾದ. ಆ ವರ್ಷ ಬರೆದವರೆಲ್ಲ ಹೆಚ್ಚುಕಡಿಮೆ ಪಾಸು.

ಈಗ ಊರಿಗೆ ಟವರ್ ಬಂದಿದೆ. ಗುಡ್ಡೆ ಹತ್ತುವವರಿಲ್ಲ. ಮಕ್ಕಳಿಗೆ ರೀಲ್ಸ್ ಉಂಟು, ಪರೀಕ್ಷೆಗೆ ಬರುವ ಪ್ರಶ್ನೆ ಇವೇ ಎಂದು ಕೂಗುವ ಯೂಟ್ಯೂಬ್ ಚಾನೆಲ್ಲುಗಳುಂಟು. ನನ್ನ ರಾತ್ರಿಯೂ ಒಂದು ಗಂಟೆ ಹಾಗೇ ಜಾರಿ ಹೋಗುತ್ತದೆ, ಮಕ್ಕಳನ್ನು ಬೈಯಲು ನನಗೆ ಮುಖವಿಲ್ಲ. ಮೊಳೆಯ ಪಾಠ ಬಂದಾಗ ಒಂದು ಮಾತ್ರ ತಪ್ಪಿಸುವುದಿಲ್ಲ. ಲ್ಯಾಬಿನ ಬಾಟಲಿ ಮುಟ್ಟದೆ, ಯಾರ ಮನೆಯಿಂದಾದರೂ ಒಂದು ಚಿಟಿಕೆ ಮೈಲುತುತ್ತು ತರಿಸುತ್ತೇನೆ. ಮೊಳೆ ಇಲ್ಲ, ಕತ್ತಿ.

ಹೋದ ವರ್ಷ ನಮ್ಮ ಮನೆ ತೋಟಕ್ಕೆ ಮದ್ದು ಹೊಡೆಯಲು ಬಂದ ತಂಡದಲ್ಲಿ ಆ ಕಲ್ಲಿನ ಹುಡುಗನಿದ್ದ. ಈಗ ಮರ ಹತ್ತುವುದಿಲ್ಲ, ನೆಲದಲ್ಲೇ ನಿಂತು ಕಾರ್ಬನ್ ಫೈಬರಿನ ಉದ್ದ ದೋಟಿಯಲ್ಲಿ ಕೆಲಸ. ಚಾ ಕುಡಿಯುವಾಗ ನಾನೇ ಆ ಕತ್ತಿಯ ಉತ್ತರ ನೆನಪಿಸಿದೆ, ಅದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ ಎಂದೆ. ಅವನು ನಾಚಿಕೊಂಡ.

“ಕಳಿಸಿದ ಮೇಲೆ ಮೈಕಿನ ಚಿತ್ರ ನೀಲಿ ಆಗ್ತದಾ ಅಂತ ನೋಡ್ತಾ ಕೂತಿರ್ತಿದ್ದೆ ಸಾರ್. ನೀಲಿ ಆದ್ರೆ ನೀವು ಕೇಳಿದ್ರಿ ಅಂತ.”

“ಆಗ್ತಿತ್ತಲ್ಲ?”

“ಶುರುವಿಗೆ ಆಗ್ತಿತ್ತು. ಎರಡನೇ ಲಾಕ್‌ಡೌನಿನಲ್ಲಿ ಕಳಿಸಿದ್ದು ಹೆಚ್ಚಿನವು ಆಗ್ಲಿಲ್ಲ.”

ಲೋಟ ತೊಳೆದಿಟ್ಟು ದೋಟಿ ಹೆಗಲಿಗೇರಿಸಿ ತೋಟಕ್ಕಿಳಿದ. ಆ ಹಳೆಯ ಫೋನ್ ಕಪಾಟಿನಲ್ಲಿ ಎಲ್ಲೋ ಇರಬೇಕು. ಅದರ ಚಾರ್ಜರ್ ಹುಡುಕುತ್ತಿದ್ದೇನೆ.