ಎಡೆದೊರೆ ನಾಡಿನ ಜೋಳದ ಊಟ

ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಎರೆಭೂಮಿಯು ಹಿಂಗಾರಿ ಬಿಳಿಜೋಳಕ್ಕೆ ಹೆಸರಾದುದು. ರಾಯಚೂರು, ಮಾನ್ವಿ, ದೇವದುರ್ಗಗಳ ಅಡುಗೆಯು ಈ ಧಾನ್ಯದ ಗುಣವನ್ನರಿತು ರೂಪುಗೊಂಡಿದೆ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಆದುದರಿಂದ ಕುದಿಯುವ ಎಸರು ಹೊಯ್ದು ನಾದಿ, ಕೈಯಿಂದ ಬಡಿದು ರೊಟ್ಟಿ ಮಾಡುವರು. ಒಣಗಿಸಿದ ಕಟಕರೊಟ್ಟಿಯು ಹಲವು ದಿನ ಕೆಡದೆ ಪಯಣದ ಬುತ್ತಿಯಾಗುವುದು. ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿಟ್ಟು, ಹುಳಿತ ಮೇಲೆ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿದರೆ ಅಂಬಲಿ. ಬೇಸಗೆಯ ಬಿಸಿಲಿಗೆ ಅದುವೇ ತಂಪು.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯು ನೀರುಣಿಸತೊಡಗಿದ ತರುವಾಯ, ಎಡದಂಡೆ ಕಾಲುವೆಯೊಡನೆ ಮಾನ್ವಿಯ ಹೊಲಗಳಿಗೆ ಕ್ರಮೇಣ ಬತ್ತವು ಬಂದಿತು. ಅನ್ನವು ನಿತ್ಯದ ಊಟವಾಯಿತು. ಆದರೂ ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲುವಾಗ ರೊಟ್ಟಿ, ಪುಂಡಿಪಲ್ಯಗಳು ಹೊಲಕ್ಕೆ ಹೋಗುವುವು. ಎಸರಿನ ಹದ, ಅಂಬಲಿಯ ಹುಳಿ ಇವು ತಾಯಂದಿರ ಕೈ ನೋಡಿ ಕಲಿಯತಕ್ಕ ವಿದ್ಯೆ. ಒಂದು ತಲೆಮಾರು ಕಲಿಯದಿದ್ದರೆ, ಮುಂದಿನ ತಲೆಮಾರಿಗೆ ಕಲಿಸುವವರೇ ಇರಲಾರರು.