ಕ್ಯಾಲೆಂಡರಿನ ಖಾಲಿ ಮನೆಗಳು

ಮೈಸೂರಿನ ವಿಜಯನಗರ. ಬೆಳಗಿನ ಆರು ಗಂಟೆ. ದೇವಸ್ಥಾನದ ಬೀದಿಯಲ್ಲಿ ಹೂವಿನಕ್ಕನ ಬುಟ್ಟಿ ಕಾಣಲಿಲ್ಲ. ಮೂರು ದಿನದಿಂದ ಹೀಗೇ. ಆಶಾ ಕಾರ್ಯಕರ್ತೆ ಅವರ ಮನೆಗೇ ಹೋದರು.

“ಯಾಕಕ್ಕ, ವ್ಯಾಪಾರಕ್ಕೆ ಬರಲಿಲ್ಲ?”

“ಮತ್ತೆ ಕಲೆ ಕಾಣಿಸ್ತು ಕಣವ್ವ. ಈ ತಿಂಗಳು ಇದು ಮೂರನೇ ಸಲ. ಮುಟ್ಟಾದೋಳು ದೇವರ ಹೂ ಕಟ್ಟಬಾರದಲ್ಲ? ಸಾಲಕ್ಕೆ ತಂದ ಮಲ್ಲಿಗೆ ಬಾಡಿಹೋಯ್ತು.”

“ಎಷ್ಟು ದಿನದಿಂದ ಹಿಂಗೆ?”

“ಯುಗಾದಿಯಿಂದ. ನನಗೆ ನಲವತ್ನಾಲ್ಕು. ಮುಟ್ಟು ನಿಲ್ಲೋ ವಯಸ್ಸು ಅಂತ ಸುಮ್ಮನಿದ್ದೆ. ಪಕ್ಕದ ಮನೆಯೋರು ‘ಮಕ್ಕಳಾದ್ವಲ್ಲ, ಗರ್ಭಕೋಶ ತೆಗೆಸಿಬಿಡು’ ಅಂತಾರೆ. ಓಲೆ ಅಡ ಇಡೋಣ ಅಂತಿದ್ದೀನಿ.”

“ದುಡುಕಬೇಡಿ ಅಕ್ಕ. ಮೊದಲು ಕಾರಣ ತಿಳಿಯೋಣ. ಯಾವ ಯಾವ ದಿನ ಕಲೆ ಕಂಡಿತ್ತು, ನೆನಪಿದೆಯಾ?”

ಹೂವಿನಕ್ಕ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಅಕ್ಷರ ಕಲಿತ ಮೇಲೆ ಅವರು ಅದರಲ್ಲಿ ದಿನದ ವ್ಯಾಪಾರ ಬರೆಯುತ್ತಿದ್ದರು. ವ್ಯಾಪಾರಕ್ಕೆ ಹೋಗದ ದಿನ ಮನೆ ಖಾಲಿ. ಜೂನ್ 3ರಿಂದ 7ರವರೆಗೆ ಖಾಲಿ. 13, 14 ಖಾಲಿ. 22, 23, 24 ಖಾಲಿ. ಒಟ್ಟು 10 ದಿನ.

“ನೋಡಿ ಅಕ್ಕ, ನಿಮಗೆ ಗೊತ್ತಿಲ್ಲದೇ ನೀವೇ ಲೆಕ್ಕ ಇಟ್ಟಿದ್ದೀರಿ” ಎಂದರು ಆಶಾ ಕಾರ್ಯಕರ್ತೆ.

ಮುಟ್ಟಿನ ಲೆಕ್ಕ

ಗರ್ಭಕೋಶದ ಒಳಗೆ ತಿಂಗಳು ತಿಂಗಳೂ ಮೆತ್ತನೆಯ ಪದರ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಬರುತ್ತದೆ. ಇದೇ ಮುಟ್ಟು. ಇದು ಮೈಲಿಗೆಯಲ್ಲ. ದೇಹದ ಸಹಜ ಕೆಲಸ.

ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಬೇಕು. ಜೂನ್ 3ಕ್ಕೆ ಮುಟ್ಟಾಗಿ, ಮತ್ತೆ ಜುಲೈ 1ಕ್ಕೆ ಆದರೆ 28 ದಿನ. ಎಲ್ಲರಿಗೂ 28 ಬರುವುದಿಲ್ಲ. ದೊಡ್ಡವರಲ್ಲಿ 21ರಿಂದ 35 ದಿನದ ಒಳಗೆ ಬಂದರೆ ಸರಿ. ರಕ್ತ 2ರಿಂದ 7 ದಿನ ಹೋಗಬಹುದು. ಹೊಸದಾಗಿ ಮೈನೆರೆದ ಹುಡುಗಿಯರಿಗೆ, ಮುಟ್ಟು ನಿಲ್ಲುವ ವಯಸ್ಸಿನವರಿಗೆ ದಿನ ಏರುಪೇರಾಗುವುದುಂಟು.

ನಡುವೆ ಕಲೆ ಯಾಕೆ?

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಶಯದಿಂದ ಅಂಡ ಹೊರಡುತ್ತದೆ. ಆಗ ಕೆಲವರಿಗೆ ಒಂದೆರಡು ದಿನ ಸ್ವಲ್ಪ ಕಲೆ ಕಾಣುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ.

ಗರ್ಭನಿರೋಧಕ ಮಾತ್ರೆ ಮರೆತರೆ ಕಲೆ ಕಾಣಬಹುದು. ಹೊಸದಾಗಿ ವಂಕಿ ಹಾಕಿಸಿದಾಗ ಕಾಣಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ‘ಅಂತರ’ ಚುಚ್ಚುಮದ್ದು ತೆಗೆದುಕೊಂಡವರಿಗೂ ಮುಟ್ಟು ಏರುಪೇರಾಗುತ್ತದೆ.

ಇನ್ನು ಕೆಲವು ಕಾರಣಗಳಿಗೆ ಚಿಕಿತ್ಸೆ ಬೇಕು. ಗರ್ಭಕೋಶದ ಗಡ್ಡೆ, ಬಾಯಲ್ಲಿ ಬೆಳೆಯುವ ದುರ್ಮಾಂಸ, ಸೋಂಕು, ಥೈರಾಯ್ಡ್ ತೊಂದರೆ ಇರಬಹುದು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೂಡ ಹೀಗೇ ಕಲೆಯಿಂದ ಶುರುವಾಗಬಹುದು. ಬೇಗ ಪತ್ತೆಯಾದರೆ ಅದನ್ನು ಗುಣಪಡಿಸಬಹುದು.

ಗರ್ಭಕೋಶ ತೆಗೆಸಬೇಕೇ?

ಕೆಲವು ಕಾಯಿಲೆಗೆ ತೆಗೆಯಲೇಬೇಕಾಗುತ್ತದೆ. ಎಲ್ಲದಕ್ಕೂ ಅಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ, ಅದರಲ್ಲೂ ಲಂಬಾಣಿ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ 2015ರಲ್ಲಿ ಬೆಳಕಿಗೆ ಬಂತು. ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದರು. ಇಂಥ ಆಪರೇಷನ್ ತಡೆಯಲು ನಿಯಮ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳಿಗೆ ಹೇಳಿತು. ಆದ್ದರಿಂದ ಯಾರಾದರೂ ‘ತೆಗೆಸಿ’ ಎಂದರೆ ‘ಯಾಕೆ? ಬೇರೆ ಚಿಕಿತ್ಸೆ ಇಲ್ಲವೇ?’ ಎಂದು ಕೇಳಿ. ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಆಸ್ಪತ್ರೆಯಲ್ಲಿ

ಮಾರನೆಯ ದಿನ ಇಬ್ಬರೂ ಚೆಲುವಾಂಬ ಆಸ್ಪತ್ರೆಗೆ ಹೋದರು. ಅದು ಹೆಂಗಸರು, ಮಕ್ಕಳಿಗಾಗಿ ಇರುವ ಸರ್ಕಾರಿ ಆಸ್ಪತ್ರೆ. ಹೂವಿನಕ್ಕ ಕ್ಯಾಲೆಂಡರ್ ಹಾಳೆಯನ್ನೂ ಮಡಿಸಿ ತಂದಿದ್ದರು.

ಡಾಕ್ಟರಮ್ಮ ಹಾಳೆ ನೋಡಿದರು. “ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತಾ?” ಎಂದು ಮೆಲ್ಲಗೆ ಕೇಳಿದರು. ಹೂವಿನಕ್ಕ ತಲೆ ತಗ್ಗಿಸಿ “ಹೂಂ” ಎಂದರು. ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಬಾಯಲ್ಲಿ ಸಣ್ಣ ದುರ್ಮಾಂಸ ಬೆಳೆದಿತ್ತು. ಅದನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಹೂವಿನಕ್ಕನಿಗೆ ನಿದ್ದೆಯಿಲ್ಲ. ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. 12 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟರು.

ಓಲೆ ಕಿವಿಯಲ್ಲೇ ಉಳಿಯಿತು. ಗರ್ಭಕೋಶವೂ ಉಳಿಯಿತು. ಈಗ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ದುಂಡು ಗುರುತು ಇದೆ. ಅದೇ ಮನೆಯಲ್ಲಿ ವ್ಯಾಪಾರದ ಲೆಕ್ಕವೂ ಇದೆ.

“ಮುಟ್ಟಲ್ಲೂ ಹೂ ಕಟ್ತೀರಾ ಅಕ್ಕ?” ಆಶಾ ಕಾರ್ಯಕರ್ತೆ ನಕ್ಕು ಕೇಳಿದರು.

“ಹೂವಿಗೇನು ಗೊತ್ತು ಕಣವ್ವ? ಹೊಟ್ಟೆಗೆ ಮಾತ್ರ ಗೊತ್ತು” ಎಂದರು ಹೂವಿನಕ್ಕ.

ನೆನಪಿಡಿ: ಹೀಗಾದರೆ ಆಸ್ಪತ್ರೆಗೆ ಹೋಗಿ

- ಮುಟ್ಟಿನ ನಡುವೆ ಪದೇ ಪದೇ ಕಲೆ ಕಂಡರೆ.
- ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ.
- 7 ದಿನಕ್ಕಿಂತ ಹೆಚ್ಚು ರಕ್ತ ಹೋದರೆ.
- ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ಕಂಡರೂ.
- ಗಂಟೆಗೊಂದು ಪ್ಯಾಡು ಅಥವಾ ಬಟ್ಟೆ ನೆನೆದರೆ, ತಲೆ ಸುತ್ತಿದರೆ ತಡಮಾಡಬೇಡಿ.
- ಮುಟ್ಟು ತಪ್ಪಿ, ಹೊಟ್ಟೆ ನೋವಿನ ಜೊತೆ ಕಲೆ ಕಂಡರೂ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಓದಿ, ಬರೆಯಿರಿ

1. ಹೂವಿನಕ್ಕನ ಕ್ಯಾಲೆಂಡರಿನಲ್ಲಿ ಎಷ್ಟು ಮನೆ ಖಾಲಿ ಇತ್ತು?
2. ‘ತೆಗೆಸಿ’ ಎಂದರೆ ನೀವು ಏನು ಕೇಳುತ್ತೀರಿ?
3. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈ ತಿಂಗಳ ಲೆಕ್ಕ ಬರೆಯಿರಿ.