ಪೈಶಾಚೀ ಭಾಷೆ

ಅಡವಿಯಲ್ಲಿ ವಾಸಿಸುವ ಪಿಶಾಚರೆಂಬ ಅಮಾನುಷ ಜನಕ್ಕೂ ಸ್ವಂತ ನುಡಿಯೊಂದು ಉಂಟೆಂದು ಪೂರ್ವಕಥೆಗಳು ಹೇಳುತ್ತವೆ. ಅದಕ್ಕೆ ಪೈಶಾಚಿಯೆಂದು ಹೆಸರು. ಹೆಸರು ಹೀನವಾಗಿದ್ದರೂ ಪ್ರಾಕೃತ ವೈಯಾಕರಣರು ಅದಕ್ಕೆ ಕ್ರಮವಾದ ಲಕ್ಷಣವನ್ನು ಬರೆದಿರುವರು. ಪದಮಧ್ಯದ ಗಕಾರವು ಕಕಾರವಾಗಿ ಗಗನವು ಗಕನವೆಂದೂ, ಘಕಾರವು ಖಕಾರವಾಗಿ ಮೇಘವು ಮೇಖವೆಂದೂ ಮಾರ್ಪಡುವುದು. ಇಂಥ ನಿಯಮವುಳ್ಳ ನುಡಿಯನ್ನು ಒರಟೆನ್ನಲಾಗದು.

ಗುಣಾಢ್ಯನು ಬೃಹತ್ಕಥೆಯನ್ನು ಈ ಭಾಷೆಯಲ್ಲಿಯೇ ರಚಿಸಿದನು. ಸಾತವಾಹನ ರಾಜನು ಪೈಶಾಚಿಯೆಂಬ ಕಾರಣದಿಂದ ಅದನ್ನು ತಿರಸ್ಕರಿಸಲು, ಕವಿಯು ಒಂದೊಂದೇ ಓಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕಿದನೆಂದೂ, 7 ಲಕ್ಷ ಶ್ಲೋಕಗಳಲ್ಲಿ 1 ಲಕ್ಷ ಮಾತ್ರ ಉಳಿಯಿತೆಂದೂ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ಆ ಮೂಲವೂ ಇಂದು ದೊರೆಯದು. ಆದರೂ ಸುಮಾರು 1031ರಲ್ಲಿ ದುರ್ಗಸಿಂಹನು ರಚಿಸಿದ ಕನ್ನಡ ಪಂಚತಂತ್ರವು ಅದರ ಋಣವನ್ನು ಸ್ಮರಿಸುತ್ತದೆ.

ನುಡಿಗೆ ಹೀನತೆಯು ಹೊರಗಿನವರ ಬಾಯಿಂದ ಬರುವುದೇ ಹೊರತು ಅದರ ಒಳಗಿನಿಂದಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಮಾತು ಬಾಳುತ್ತಿದೆ. ಅದಕ್ಕೆ ಪ್ರತ್ಯೇಕ ಲಿಪಿಯಿಲ್ಲದಿದ್ದರೂ ಹಾಡುಕಥೆಗಳಿಗೆ ಕೊರತೆಯಿಲ್ಲ. ಶಾಲೆಗೆ ಬರುವ ಬಾಲಿಕೆಯು ತನ್ನ ತಾಯ ನುಡಿಗೆ ನಾಚುವಂತೆ ನಾವು ನಕ್ಕರೆ, ಆ ರಾಜನು ಮಾಡಿದ ನಷ್ಟವನ್ನೇ ನಾವೂ ಮಾಡಿದಂತಾಗುವುದು. ಆದಕಾರಣ, ತಾಯಂದಿರೇ, ಪೂರ್ವ ವಿದ್ಯಾರ್ಥಿನಿಯರೇ, ಆಕೆಯು ಕನ್ನಡವನ್ನು ಚೆನ್ನಾಗಿ ಕಲಿಯಲಿ. ಆ ಕನ್ನಡ ಅಕ್ಷರಗಳಲ್ಲಿಯೇ ಅಜ್ಜಿಯ ಹಾಡನ್ನೂ ಬರೆದಿಡಲಿ.